ಬಿಸಿಲು ಬಂದ ಮಳೆ ರಜೆ

ಮಳೆಯಿಂದಾಗಿ ಶಾಲೆಗೆ ರಜೆ ಕೊಟ್ಟ ದಿನವನ್ನು ಮೇಷ್ಟ್ರುಗಳೂ ಮೇಡಮ್ಮುಗಳೂ ಹೇಗೆ ಕಳೆಯಬೇಕು ಎಂದು ಯಾರಾದರೂ ಕೇಳಿದ್ದರೆ, ಹೋದ ವರ್ಷದ ಮಳೆಗಾಲದವರೆಗೂ ನಾನು ಒಂದೇ ಉಸಿರಿಗೆ ಉತ್ತರ ಹೇಳುತ್ತಿದ್ದೆ. ಯಾರೂ ಕೇಳಿರಲಿಲ್ಲ. ಆದರೂ ಹೇಳಿದೆ. ಹೇಳಿದ್ದು ಮಾತಾಗಿ ಉಳಿಯದೆ ಕಟ್ಟಳೆಯಾಯಿತು. ಅದರಿಂದ ಆದದ್ದನ್ನು ಈಗ ಒಪ್ಪಿಕೊಂಡು ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಅದಾದ ಮೇಲೆ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತು ತಲೆ ನರೆಸಿಕೊಂಡೆ. ಆಗ ನಮ್ಮೂರು ಹೇರೋಹಳ್ಳಿಯಿಂದ ಅಲ್ಲಿಗೆ ಸೈಕಲ್ಲಿನಲ್ಲೇ ಹೋಗಬೇಕಿತ್ತು. ಮಳೆಯಾದರೆ ದಾರಿಯ ಕೆಸರು ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ಲನ್ನೇ ಹೆಗಲ ಮೇಲೆ ಹೊರುತ್ತಿದ್ದೆವು. ಸೈರನ್ ಕೂಗಿದ ಮೇಲೆ ಗೇಟಿಗೆ ಬಂದವನನ್ನು ಒಳಗೆ ಬಿಡುತ್ತಿರಲಿಲ್ಲ. ಮಳೆ ಎಂದರೆ ಸೆಕ್ಯುರಿಟಿಯವನು ನಗುತ್ತಿದ್ದ. ಅಂಥ ಕಡೆ ಬೆಂದವನಿಗೆ ಕೆಲಸದ ವಿಷಯದಲ್ಲಿ ಒಂದು ಗಡಸುತನ ಬಂದುಬಿಡುತ್ತದೆ. ಅದನ್ನು ನಾನು ಬಹಳ ಕಾಲ ಶಿಸ್ತು ಎಂದುಕೊಂಡಿದ್ದೆ.

ನಮ್ಮೂರು ಬೆಂಗಳೂರಿಗೆ ಸೇರದೆ ಇನ್ನೂ ಊರಾಗಿದ್ದಾಗ ನಮ್ಮ ತಂದೆ ಮತ್ತು ಇನ್ನು ಕೆಲವು ಹಿರಿಯರು ಹೊಲ ಬಿಟ್ಟುಕೊಟ್ಟು ಒಂದು ಶಾಲೆ ಕಟ್ಟಿಸಿದರು. ಈಗ ಅಲ್ಲಿ ಹತ್ತನೇ ತರಗತಿಯವರೆಗೆ ಇದೆ, ಇಂಗ್ಲಿಷ್ ಮೀಡಿಯಮ್ಮೂ ಇದೆ. ಹೊಲ ಕೊಟ್ಟ ಮನೆಗಳಿಗೆ ಶಾಲೆಯ ಕಮಿಟಿಯಲ್ಲಿ ಒಂದೊಂದು ಕುರ್ಚಿ. ತಂದೆಯ ನಂತರ ಅಣ್ಣ ಕೂತ, ಅಣ್ಣನ ನಂತರ ನಾನು ಕೂತೆ. ಪಾಠ ಹೇಳುವುದೆಂದರೆ ಏನು ಎಂಬುದು ಆ ಕುರ್ಚಿಯಲ್ಲಿ ಕೂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕು ಎಂದೂ ಯಾರಿಗೂ ಅನ್ನಿಸಿರಲಿಲ್ಲ.

ಆ ಶಾಲೆಯ ಗಣಿತದ ಮೇಡಂ ನಮ್ಮ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದಾರೆ. ಹಾವೇರಿ ಕಡೆಯವರು. ಗಂಡನಿಗೆ ಔಷಧಿ ಕಂಪನಿಯಲ್ಲಿ ಕೆಲಸ, ಊರೂರು ತಿರುಗಿ ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಒಬ್ಬಳೇ ಮಗಳು, ಅದೇ ಶಾಲೆಯಲ್ಲಿ ಎರಡನೇ ಕ್ಲಾಸು. ತಾಯಿ ಅಂಗಡಿಗೋ ಮೀಟಿಂಗಿಗೋ ಹೋದಾಗ ಆ ಮಗು ಕೆಳಗೆ ನಮ್ಮ ಮನೆಯಲ್ಲೇ ಇರುತ್ತಿತ್ತು. ನನ್ನ ಹೆಂಡತಿಯ ಸೆರಗು ಹಿಡಿದು ಅಡುಗೆಮನೆಯಲ್ಲಿ ಓಡಾಡುತ್ತಿತ್ತು.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಆಕಾಶ ಹರಿದ ಹಾಗೆ ಮಳೆ ಸುರಿಯಿತು. ಬೆಳಿಗ್ಗೆ ಟೀವಿಯಲ್ಲಿ ಶಾಲೆಗಳಿಗೆ ರಜೆ ಎಂದು ಹೇಳಿದರು. ಹೇಳಿ ಸ್ವಲ್ಪ ಹೊತ್ತಿಗೆಲ್ಲ ಮೋಡ ಸರಿದು, ಕಣ್ಣು ಬಿಡಲಾಗದಂಥ ಬಿಸಿಲು ಬಂತು. ಬೆಂಗಳೂರಿನಲ್ಲಿ ಇದು ಹೊಸದಲ್ಲ. ರಜೆ ಕೊಟ್ಟ ದಿನ ಬಿಸಿಲು, ಕೊಡದ ದಿನ ಪ್ರವಾಹ ಎಂದು ಹಾಲಿನಂಗಡಿಯಲ್ಲೇ ಜನ ನಗುತ್ತಿದ್ದರು. ನಾನು ಟ್ಯಾಂಕು ನೋಡಲು ಟೆರೇಸಿಗೆ ಹತ್ತಿದೆ. ಮೇಡಂ ತಲೆಗೆ ಸ್ನಾನ ಮಾಡಿ ಕೂದಲು ಹರವಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ತಾಯಿ ಮಗಳ ನಡುವೆ ಒಂದು ತಟ್ಟೆ ಬೇಯಿಸಿದ ಕಡಲೆಕಾಯಿ. ಮಗು ಸಿಪ್ಪೆಯನ್ನು ಮೂಗಿಗೆ ಸಿಕ್ಕಿಸಿಕೊಂಡು ತಾಯಿಯನ್ನು ನಗಿಸುತ್ತಿತ್ತು.

“ಏನ್ ಸಾರ್, ಮಳೆ ಎಲ್ಲಿಗೆ ಹೋಯ್ತು?” ಎಂದರು ಮೇಡಂ.

“ನಿಮ್ಗೆ ರಜಾ ಕೊಟ್ಟು ಅದೂ ರಜಾ ತಗೊಂಡ್ತು” ಎಂದೆ. ಇಬ್ಬರೂ ನಕ್ಕೆವು.

ನಾನು ನಗುತ್ತಲೇ ಕೆಳಗಿಳಿದೆ. ಆದರೆ ಮೆಟ್ಟಿಲು ಇಳಿಯುವಷ್ಟರಲ್ಲಿ ಮನಸ್ಸು ಹುಳಿಯಾಯಿತು. ಅದನ್ನು ಏನೆಂದು ಕರೆಯಲಿ? ನನ್ನ ಜೀವಮಾನದಲ್ಲಿ ಕೆಲಸದ ದಿನ ಬೆಳಿಗ್ಗೆ ಬಿಸಿಲಲ್ಲಿ ಕೂತು ಕಡಲೆಕಾಯಿ ತಿಂದವನಲ್ಲ ನಾನು. ಹೊಟ್ಟೆಕಿಚ್ಚು ಎನ್ನುವುದೇ ಸರಿಯಾದ ಪದ. ಅವತ್ತು ಅದಕ್ಕೆ ನ್ಯಾಯ ಎಂದು ಹೆಸರಿಟ್ಟೆ.

ಆ ಭಾನುವಾರ ಕಮಿಟಿ ಮೀಟಿಂಗ್ ಇತ್ತು. ಮಾತು ರಜೆಯ ಕಡೆ ತಿರುಗಿದಾಗ ನಾನು ಗಂಟಲು ಸರಿಮಾಡಿಕೊಂಡೆ. “ರಜಾ ಕೊಡೋದು ಮಕ್ಕಳು ನೆನೀಬಾರ್ದು ಅಂತ. ಸಂಬಳ ತಗೊಳೋರಿಗೂ ಯಾಕೆ ರಜಾ? ಮಳೆ ಬಂದ್ರೆ ನಮ್ ಫ್ಯಾಕ್ಟ್ರೀಲಿ ಮೆಷಿನ್ ನಿಲ್ತಿತ್ತಾ? ಟೀಚರುಗಳು ಬರ್ಲಿ, ಪೇಪರ್ ತಿದ್ಲಿ, ಚಾರ್ಟ್ ಮಾಡ್ಲಿ. ನಾನೇ ಕಣ್ಣಾರೆ ನೋಡಿದೀನಿ, ಟೆರೇಸ್ ಮೇಲೆ ಕೂತ್ಕೊಂಡು ಕಡಲೆಕಾಯಿ ತಿಂತಾರೆ.”

ಎಲ್ಲರೂ ನಕ್ಕರು. ಹೆಸರು ಹೇಳಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಮ್ಮ ಮನೆಯ ಟೆರೇಸಿನ ಮೇಲೆ ಕೂರುವ ಟೀಚರ್ ಯಾರೆಂದು ಗೊತ್ತಿಲ್ಲದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ.

ಹೆಡ್‌ಮಿಸ್ ನಿಧಾನವಾಗಿ ಹೇಳಿದರು: “ಸಾರ್, ಆ ರಜೆಗೆ ಬದಲು ಶನಿವಾರ ಮಧ್ಯಾಹ್ನ ಪೂರ್ತಿ ಕ್ಲಾಸ್ ತಗೊಳ್ತೀವಲ್ಲ. ದಿನ ನಷ್ಟ ಆಗಲ್ಲ.”

“ಅದು ಬೇರೆ, ಇದು ಬೇರೆ ಮೇಡಂ” ಎಂದರು ಸೆಕ್ರೆಟರಿ. ಮಾಗಡಿ ರಸ್ತೆಯಲ್ಲಿ ಸಿಮೆಂಟ್ ಅಂಗಡಿ ಇಟ್ಟಿರುವ ಮನುಷ್ಯ, ಯಾವುದನ್ನೂ ಬೇಗ ಮುಗಿಸಿ ಎದ್ದರೆ ಸಾಕು ಅವರಿಗೆ. “ಯಜಮಾನ್ರು ಕರೆಕ್ಟಾಗ್ ಹೇಳಿದ್ರು. ಬರ್ಲಿ.”

ಮನೆಗೆ ಬಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಮೇಲ್ಗಡೆ ಮನೆ ಬಾಡಿಗೆಗೆ ಕೊಟ್ಟಿದೀವಾ, ಇಲ್ಲ ಅವರ ಮೇಲೆ ನಿಮ್ಮನ್ನ ಕಾವಲಿಗೆ ಹಾಕಿದಾರಾ?” ಎಂದಳಷ್ಟೆ.

ಅಂದಿನಿಂದ ಆ ಮಗು ಕೆಳಗೆ ಬರುವುದು ನಿಂತುಹೋಯಿತು. ಹೋಂವರ್ಕ್ ಜಾಸ್ತಿ ಇರಬೇಕು ಎಂದುಕೊಂಡೆ.

ಮುಂದಿನ ಮಳೆ ರಜೆಗೆ ನಾನೇ ನೋಡಿಬರಲು ಹೋದೆ. ಮಗ ತಂದುಕೊಟ್ಟ ಗಂಬೂಟು ಹಾಕಿಕೊಂಡು, ಛತ್ರಿ ಹಿಡಿದು ಹೊರಟೆ. ಶಾಲೆಯ ಮುಂದಿನ ಮೋರಿ ಉಕ್ಕಿ ರಸ್ತೆ ಯಾವುದು, ಚರಂಡಿ ಯಾವುದು ತಿಳಿಯುತ್ತಿರಲಿಲ್ಲ. ಕರೆಂಟ್ ಇರಲಿಲ್ಲ. ಸ್ಟಾಫ್ ರೂಮಿನೊಳಗೆ ಪಾದ ಮುಳುಗುವಷ್ಟು ನೀರು. ಟೀಚರುಗಳೆಲ್ಲ ಬೆಂಚುಗಳ ಮೇಲೆ ಕಾಲು ಮಡಚಿಕೊಂಡು ಕೂತು, ಕಿಟಕಿಯ ಮಬ್ಬು ಬೆಳಕಿನಲ್ಲಿ ಚಾರ್ಟಿನ ಹಾಳೆ ಕತ್ತರಿಸುತ್ತಿದ್ದರು. ಗೋಡೆಯ ತುಂಬ ಆಗಲೇ ಚಾರ್ಟುಗಳಿದ್ದವು. ಹೊಸದನ್ನು ಎಲ್ಲಿ ಅಂಟಿಸುತ್ತಾರೋ ಅವರಿಗೂ ಗೊತ್ತಿರಲಿಲ್ಲ. ಮೂಲೆಯಲ್ಲಿ ನಮ್ಮ ಮೇಡಮ್ಮಿನ ಮಗಳು ಮೇಜಿನ ಮೇಲೆ ಕೂತು ಬಣ್ಣ ಹಚ್ಚುತ್ತಿತ್ತು.

ನನ್ನನ್ನು ಕಂಡ ಕೂಡಲೇ ಎಲ್ಲರೂ ಎದ್ದು ನಿಂತರು. ಕಮಿಟಿಯವರು ಬಂದರೆ ಎದ್ದು ನಿಲ್ಲುವುದು ಅಲ್ಲಿನ ರೂಢಿ. ಒಂದೇ ಸಲಕ್ಕೆ ಅಷ್ಟೂ ಜನರ ಪಾದಗಳು ನೀರಿಗಿಳಿದವು. ಸೀರೆಯ ಅಂಚುಗಳು ತೇಲಿದವು.

“ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದೆ. ನಾನು ಕೂರದೆ ಅವರು ಕೂರುವಂತಿರಲಿಲ್ಲ. ಪಂಚೆ ನೆನೆಯುತ್ತದೆಂದು ನಾನು ಕೂರಲಿಲ್ಲ.

“ಕೆಲ್ಸ ಚೆನ್ನಾಗ್ ನಡೀತಿದೆ” ಎಂದೆ, ಏನಾದರೂ ಹೇಳಬೇಕಲ್ಲ ಎಂದು.

“ಇನ್ನೊಂದ್ ಗಂಟೆ ಬಿಟ್ಟು ಬನ್ನಿ ಸಾರ್, ಮೀನೂ ಸಿಗ್ತವೆ” ಎಂದರು ಪೀಟಿ ಮೇಷ್ಟ್ರು, ತಗ್ಗಿದ ದನಿಯಲ್ಲಿ. ಯಾರೋ ನಗು ತಡೆದುಕೊಂಡರು. ನಾನು ಕೇಳಿಸದವನಂತೆ ಹೊರಗೆ ಬಂದೆ.

ಆ ದಿನ ಕೆಲಸ ನಡೆಯುತ್ತಿದೆ ಎಂದು ತೋರಿಸಲು ಹೆಡ್‌ಮಿಸ್ ಕಮಿಟಿಯ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಹಾಕಿದ್ದರು. ಅದರ ಮೂಲೆಯಲ್ಲಿ ಮಗು ಕಾಣುತ್ತಿತ್ತು. ಕೂಡಲೇ ಸೆಕ್ರೆಟರಿ ಬರೆದರು: ರಜೆ ದಿನ ಶಾಲೆಯೊಳಗೆ ಮಗು ಯಾಕೆ, ಏನಾದರೂ ಆದರೆ ಜವಾಬ್ದಾರಿ ಯಾರದು, ಇನ್ನು ಮೇಲೆ ಯಾರೂ ಮಕ್ಕಳನ್ನು ಕರೆತರಕೂಡದು. ಉಳಿದವರು ಒಬ್ಬೊಬ್ಬರಾಗಿ ಹೆಬ್ಬೆರಳು ಎತ್ತಿದ ಚಿತ್ರ ಒತ್ತಿದರು. ನಾನೂ ಒತ್ತಿದೆ. ಕಾಫಿ ಕುಡಿಯುತ್ತಾ ಒತ್ತಿದೆ. ಆ ಮಗುವಿನ ತಂದೆ ಊರಿನಲ್ಲಿರುವುದಿಲ್ಲ ಎಂಬುದು ಆ ಕಮಿಟಿಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಮತ್ತೆ ರಜೆ ಬಂತು. ಈ ಸಲ ಬಿಸಿಲಿನ ಸುಳಿವೇ ಇರಲಿಲ್ಲ. ಮಧ್ಯಾಹ್ನವೇ ಕತ್ತಲಾಗಿ, ಕರೆಂಟ್ ಹೋಗಿ, ಗುಡುಗು ಮನೆಯ ಪಾತ್ರೆಗಳನ್ನು ನಡುಗಿಸುತ್ತಿತ್ತು. ನನ್ನ ಹೆಂಡತಿ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದಳು.

“ಮೇಲ್ಗಡೆ ಕೇಳಿ. ಯಾರೋ ಮಗ್ಗಿ ಹೇಳ್ತಿದಾರೆ.”

ಕಿವಿಗೊಟ್ಟೆ. “ಟೂ ಒನ್ಸ್ ಆರ್ ಟೂ, ಟೂ ಟೂಸ್ ಆರ್ ಫೋರ್...” ಗುಡುಗು ಬಂದಾಗಲೆಲ್ಲ ದನಿ ಕಿರುಚುವಷ್ಟು ಏರುತ್ತಿತ್ತು. ಗುಡುಗು ನಿಂತರೆ ಇಳಿಯುತ್ತಿತ್ತು. ದೊಡ್ಡವರ ದನಿ ಒಂದೂ ಇಲ್ಲ.

ಹೊರಗಿನ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಮಗ್ಗಿ ನಿಂತಿತು.

“ಯಾರು?”

“ನಾನು ಪುಟ್ಟಿ, ಕೆಳಗಡೆ ತಾತ. ಬಾಗಿಲು ತೆಗಿ.”

“ತೆಗೆಯಲ್ಲ. ಅಮ್ಮ ಯಾರಿಗೂ ತೆಗೀಬೇಡ ಅಂದಿದಾರೆ.”

“ನಾನು ಯಾರೋನಾ?”

ಒಳಗೆ ಸ್ವಲ್ಪ ಹೊತ್ತು ಯೋಚನೆ ನಡೆಯಿತು. “ನೀವು ಗೊತ್ತು. ಆದ್ರೂ ತೆಗೆಯಲ್ಲ.”

ಬಾಗಿಲ ಪಕ್ಕದ ಕಿಟಕಿ ಅರ್ಧ ತೆರೆದಿತ್ತು. ಸರಳುಗಳ ಹಿಂದೆ ಮುಖ ಕಾಣಿಸಿತು. ಕೆನ್ನೆಯ ಮೇಲೆ ಕಣ್ಣೀರು ಒಣಗಿದ ಗೆರೆ.

“ಅಮ್ಮ ಎಲ್ಲಿ?”

“ಸ್ಕೂಲಿಗೆ. ನಂಗೆ ರಜಾ, ಅಮ್ಮಂಗಿಲ್ಲ.”

“ಕೆಳಗೆ ಅಜ್ಜಿ ಹತ್ರ ಬಿಟ್ಟು ಹೋಗ್ಬೋದಿತ್ತಲ್ಲ.”

“ನಾನೂ ಅದೇ ಕೇಳ್ದೆ. ಬೇಡ, ಅವರಿಗ್ಯಾಕೆ ತೊಂದ್ರೆ ಅಂದ್ರು.” ಮಗು ಸರಳಿಗೆ ಮೂಗು ಒತ್ತಿ ಗುಟ್ಟು ಹೇಳುವವರಂತೆ ಹೇಳಿತು: “ಸ್ಕೂಲಲ್ಲಿ ಒಬ್ರು ತಾತ ಇದಾರಂತೆ. ಮಳೆ ಬಂದ್ರೂ ಟೀಚರ್ಸ್ ಬರ್ಲೇಬೇಕು ಅಂತ ರೂಲ್ ಮಾಡಿದಾರಂತೆ. ಅಪ್ಪ ಫೋನಲ್ಲಿ ಬೈತಿದ್ರು.”

“ಯಾವ ತಾತ ಅಂತೆ?”

“ಅಮ್ಮ ಹೇಳಲ್ಲ. ಕೇಳಿದ್ರೆ ಪಾಪ ವಯಸ್ಸಾದೋರು ಬಿಡು ಅಂತಾರೆ. ನಿಮ್ಗೆ ಗೊತ್ತಾ ತಾತ, ಯಾರು ಅಂತ?”

“ಗೊತ್ತಿಲ್ಲ” ಎಂದೆ.

ಏಳು ವರ್ಷದ ಮಗುವಿಗೆ ಹೆದರಿ ಸುಳ್ಳು ಹೇಳಿದೆ. ಆ ಸುಳ್ಳು ಬಾಯಿಂದ ಬಿದ್ದ ಮೇಲೆ ಅಲ್ಲಿಂದ ಹೊರಡಲು ಆಗಲಿಲ್ಲ. ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆ ಛತ್ರಿ ಹಿಡಿದು ಕೂತೆ. “ನೀನು ಹೇಳು, ನಾನಿಲ್ಲೇ ಇದೀನಿ” ಎಂದೆ. ಮಗು ಮೂರರ ಮಗ್ಗಿ ಹಿಡಿಯಿತು. ಅದು ತಪ್ಪಿದಲ್ಲಿ ನಾನು ಕನ್ನಡದಲ್ಲಿ ತಿದ್ದುತ್ತಿದ್ದೆ, ಅದು ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತಿತ್ತು. ಹೆಂಡತಿ ಸೆರಗು ತಲೆಗೆ ಹೊದ್ದು ಬಿಸಿ ಅಕ್ಕಿರೊಟ್ಟಿ ತಂದಳು. ಚೂರು ಮಾಡಿ ಸರಳಿನ ಸಂದಿಯಿಂದ ಒಂದೊಂದೇ ಒಳಗೆ ಕೊಟ್ಟಳು. ನನಗೆ ಕೊಡಲಿಲ್ಲ. ಇಳಿಯುವಾಗ, “ಕೂತಿರಿ. ಫ್ಯಾಕ್ಟ್ರಿ ಡ್ಯೂಟಿ ಅನ್ಕೊಳಿ” ಎಂದಳು.

ಸಂಜೆ ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ಗೇಟು ತೆರೆದರು. ಅವರ ಬಾಗಿಲ ಮುಂದೆ ನಾನು ಕೂತಿದ್ದನ್ನು ಕಂಡು ಗಾಬರಿಯಾದರು. ಎರಡೆರಡು ಮೆಟ್ಟಿಲು ಹಾರಿ ಬಂದರು.

“ಏನಾಯ್ತು ಸಾರ್? ಮಗು...?”

“ಏನೂ ಆಗಿಲ್ಲಮ್ಮ. ಒಳಗಿದಾಳೆ. ಗುಡುಗಿಗೆ ಹೆದರಿದ್ಲು ಅಂತ ಕೂತೆ.”

ಬಾಗಿಲು ತೆರೆಯಿತು. ಮಗು ತಾಯಿಯ ಒದ್ದೆ ಸೀರೆಗೆ ಅಂಟಿಕೊಂಡಿತು. ಮೇಡಂ ಅದರ ತಲೆ ಸವರುತ್ತಾ ನನ್ನ ಕಡೆ ತಿರುಗಿದರು. “ನಿಮ್ಗೆ ತೊಂದ್ರೆ ಆಯ್ತು ಸಾರ್. ಇನ್ ಮೇಲೆ ಆಗಲ್ಲ. ದಸರಾ ರಜೆಗೆ ಕೆಲ್ಸ ಬಿಡ್ತೀನಿ ಅಂತ ಹೇಳ್ಬೇಕು ಅಂತಿದೀನಿ. ಇವಳನ್ನ ಹಿಂಗೆ ಕೂಡಿ ಹಾಕಿ ಹೋಗೋಕೆ ನನ್ನಿಂದ ಆಗಲ್ರೀ.”

ಐದನೇ ತರಗತಿಯಿಂದ ಅವರೇ ಲೆಕ್ಕ ಕಲಿಸಿ ಕರೆತಂದ ಮಕ್ಕಳು ಈಗ ಹತ್ತನೇ ತರಗತಿಯಲ್ಲಿದ್ದರು. ಅವರ ಪರೀಕ್ಷೆಯ ವಿಷಯ ಬಂದರೆ ಮೇಡಂ ಮಾತು ನಿಲ್ಲಿಸುತ್ತಿರಲಿಲ್ಲ. ಈಗ ಆ ಮಕ್ಕಳ ಹೆಸರೇ ಎತ್ತಲಿಲ್ಲ. ಎತ್ತಿದರೆ ಅಳು ಬರುತ್ತಿತ್ತೇನೋ.

“ಅಮ್ಮ, ಆ ರೂಲ್ ಮಾಡ್ಸಿದ್ದು ನಾನು” ಎಂದೆ.

“ಗೊತ್ತು ಸಾರ್. ಮೀಟಿಂಗ್ ಆದ ಸಾಯಂಕಾಲಾನೇ ಗೊತ್ತಾಯ್ತು.”

“ನೀವಾ?” ಸೀರೆಯ ಮಡಿಕೆಯಿಂದ ಮಗು ಮುಖ ಹೊರಗೆ ಹಾಕಿತು. “ಗೊತ್ತಿಲ್ಲ ಅಂದ್ರಿ!”

ಮೇಡಂ ಮಗಳನ್ನು ಸುಮ್ಮನಿರಿಸಿದರು. ನಾನು ಕೇಳಿದೆ, “ಗೊತ್ತಿದ್ದೂ ಒಂದ್ ಮಾತು ಕೇಳ್ಲಿಲ್ವಲ್ಲಮ್ಮ ನನ್ನ?”

“ಏನಂತ ಕೇಳ್ಲಿ? ನೀವು ಸುಳ್ಳೇನೂ ಹೇಳಿರ್ಲಿಲ್ಲ. ಅವತ್ತು ನಾನು ಪೇಪರ್ ತಿದ್ದಿರ್ಲಿಲ್ಲ, ಏನೂ ಮಾಡಿರ್ಲಿಲ್ಲ. ತಲೆಗೆ ನೀರು ಹಾಕ್ಕೊಂಡು ಬಿಸಿಲಲ್ಲಿ ಕೂತಿದ್ದೆ, ಅಷ್ಟೇ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ವಾರವೆಲ್ಲ ಇವಳೂ ನಾನೂ ಒಂದೇ ಶಾಲೇಲಿ ಇರ್ತೀವಿ ಸಾರ್. ಆದ್ರೆ ನಾನು ಇವಳ ಜೊತೆ ಇರಲ್ಲ. ಅವತ್ತು ಇದ್ದೆ.”

ನಾನು ಆ ದಿನದವರೆಗೂ, ಖಾಲಿ ಕೂತವರು ಯಾರದೋ ಏನನ್ನೋ ಕದಿಯುತ್ತಿದ್ದಾರೆ ಎಂದು ನಂಬಿಯೇ ಬದುಕಿದ್ದೆ. ಆ ತಾಯಿ ಏನನ್ನೂ ಕದ್ದಿರಲಿಲ್ಲ. ನನ್ನ ಮಕ್ಕಳು ಆ ವಯಸ್ಸಿನವರಾಗಿದ್ದಾಗ ಅವರ ಜೊತೆ ಹಾಗೆ ಕೂತ ಒಂದು ಬೆಳಗನ್ನು ನೆನಪಿಸಿಕೊಳ್ಳಲು ನೋಡಿದೆ. ಸಿಗಲಿಲ್ಲ.

“ದಸರಾವರ್ಗೂ ಸ್ಕೂಲಲ್ಲಿ ಏನೂ ಹೇಳ್ಬೇಡಿ” ಎಂದು ಕೈಮುಗಿದು ಇಳಿದೆ.

ಮುಂದಿನ ಮೀಟಿಂಗಿನಲ್ಲಿ ಆ ಕಟ್ಟಳೆ ತೆಗೆಯಬೇಕು ಎಂದೆ. ಸೆಕ್ರೆಟರಿ ಫೋನಿನಿಂದ ಕಣ್ಣೆತ್ತಿದರು. “ನೀವೇ ತಂದಿದ್ದಲ್ವಾ ಯಜಮಾನ್ರೆ? ಈಗ ನೀವೇ ಬೇಡ ಅಂದ್ರೆ ಹೆಂಗೆ?”

“ಮೇಲಿನ ಮನೆ ಖಾಲಿ ಆಗತ್ತೆ ಅಂತ ಭಯ ಇರ್ಬೇಕು” ಎಂದರು ಇನ್ನೊಬ್ಬರು. ಮತ್ತೆ ನಗು. ಅವತ್ತು ನನ್ನ ಮಾತಿಗೆ ನಕ್ಕವರೇ ಇವತ್ತು ನನ್ನನ್ನು ನೋಡಿ ನಗುತ್ತಿದ್ದರು.

“ಸರಿ ಬಿಡಿ, ಆ ಮೇಡಮ್‌ಗೆ ಒಬ್ಬರಿಗೆ ವಿನಾಯ್ತಿ ಕೊಡೋಣ. ಮುಗೀತಲ್ಲ?” ಎಂದರು ಸೆಕ್ರೆಟರಿ.

ಒಂದು ಕ್ಷಣ ಆಸೆಯಾಯಿತು. ನನ್ನ ತಪ್ಪು ಅಗ್ಗದಲ್ಲಿ ತೀರುತ್ತಿತ್ತು. ಆದರೆ ಉಳಿದವರೆಲ್ಲ ನೀರಿನಲ್ಲಿ ಕೂತಿದ್ದಾಗ ತಾವೊಬ್ಬರೇ ಮನೆಯಲ್ಲಿರಲು ಆಕೆ ಒಪ್ಪುವವರಲ್ಲ ಎಂದು ನನಗೆ ಗೊತ್ತಿತ್ತು. ಒಪ್ಪಿದರೂ ಸ್ಟಾಫ್ ರೂಮಿನಲ್ಲಿ ಆಕೆಯ ಬದುಕು ಏನಾಗುತ್ತದೆ ಎಂಬುದಕ್ಕೆ ಕಾರ್ಖಾನೆ ಕಂಡವನಿಗೆ ಬೇರೆ ಪಾಠ ಬೇಕಿಲ್ಲ.

ಎದ್ದು ನಿಂತೆ. ಕಡಲೆಕಾಯಿಯ ಮಾತನ್ನು ನಾನು ಆಡಿದ್ದು ಹೊಟ್ಟೆಕಿಚ್ಚಿಗೆ ಎಂದು ಹೇಳಿದೆ. ಮಗುವನ್ನು ಶಾಲೆಗೆ ತರಬಾರದು ಎಂದಾಗ ಹೆಬ್ಬೆರಳು ಒತ್ತಿದ್ದು, ಆ ಮಗು ಗುಡುಗಿನಲ್ಲಿ ಒಬ್ಬಳೇ ಮಗ್ಗಿ ಕಿರುಚುತ್ತಿದ್ದದ್ದು ಹೇಳಿದೆ. “ನಾನು ಗಂಬೂಟು ಹಾಕ್ಕೊಂಡು ಹೋದಾಗ ಅವರು ಬರಿಗಾಲಲ್ಲಿ ನೀರಿಗಿಳಿದು ನಂಗೆ ಮರ್ಯಾದೆ ಕೊಟ್ರು. ನಾನು ಅದನ್ನ ನೋಡ್ಕೊಂಡು, ಕೆಲ್ಸ ಚೆನ್ನಾಗ್ ನಡೀತಿದೆ ಅಂದು ಬಂದೆ. ನಂಗೆ ನಾಚ್ಕೆ ಆಗತ್ತೆ. ಒಬ್ಬರಿಗಲ್ಲ, ಎಲ್ಲರಿಗೂ ತೆಗೀರಿ” ಎಂದೆ. ನನ್ನ ವಯಸ್ಸಿನ ಗಂಡಸು ಹಾಗೆ ಮಾತಾಡಿದರೆ ಉಳಿದ ಗಂಡಸರು ಮೇಜು ನೋಡುತ್ತಾರೆ. ಎಲ್ಲರೂ ಮೇಜು ನೋಡಿದರು.

“ಹಂಗಾದ್ರೆ ಮನೇಲಿ ಕೂತು ಏನ್ ಮಾಡ್ಬೇಕು ಅಂತಾದ್ರೂ ಬರ್ದು ಕೊಡೋಣ” ಎಂದರು ಸೆಕ್ರೆಟರಿ, ಬರಿಗೈಯಲ್ಲಿ ಬಿಡಲು ಮನಸ್ಸಿಲ್ಲದೆ.

ನಾನು ಹೆಡ್‌ಮಿಸ್ ಕಡೆ ನೋಡಿದೆ. “ಅವರನ್ನ ಕೇಳಿ. ನಮಗೇನ್ ಗೊತ್ತು?”

ಹೆಡ್‌ಮಿಸ್ ಹೇಳಿದರು: “ಒಂದೇ ಒಂದು ಸಾಕು ಸಾರ್. ಬೆಳಿಗ್ಗೆ ಕ್ಲಾಸ್ ಟೀಚರ್ ಒಂದು ಮೆಸೇಜ್ ಹಾಕ್ಲಿ. ಮನೇಲಿ ದೊಡ್ಡೋರು ಯಾರೂ ಇಲ್ಲದ ಮಕ್ಕಳು ಇದಾರಾ ಅಂತ ಕೇಳ್ಲಿ. ಇದ್ರೆ ಅಕ್ಕಪಕ್ಕ ಇರೋ ಇನ್ನೊಂದು ಮಗುವಿನ ಮನೆಗೆ ಹೇಳಿ ಕಳಿಸೋಣ. ಪಾಠ ಶನಿವಾರ ಹೇಗೂ ಆಗತ್ತೆ. ಮಿಕ್ಕಿದ್ದು ಅವರ ದಿನ. ತಿದ್ದೋರು ತಿದ್ಲಿ, ಮಲಗೋರು ಮಲಗ್ಲಿ.”

“ಮಲಗೋಕೂ ಪರ್ಮಿಷನ್ನು!” ಎಂದು ಸೆಕ್ರೆಟರಿ ಗೊಣಗಿದರು. ಆದರೆ ಅಂಗಡಿಗೆ ಹೊತ್ತಾಗಿತ್ತು. ಆಗಲಿ ಎಂದರು.

ಮೇಡಮ್‌ಗೆ ನಾನು ಹೋಗಿ ಹೇಳಲಿಲ್ಲ. ಹೇಳಿದರೆ ಉಪಕಾರ ಮಾಡಿದ ಹಾಗೆ ಕೇಳಿಸುತ್ತಿತ್ತು. ದಸರಾ ಬಂತು, ಹೋಯಿತು. ರಜೆ ಮುಗಿದ ಬೆಳಿಗ್ಗೆ ಅವರು ಎಂದಿನಂತೆ ಟಿಫನ್ ಡಬ್ಬಿ ಹಿಡಿದು, ಮಗಳ ಕೈ ಹಿಡಿದು ಗೇಟು ದಾಟುವುದನ್ನು ಕಿಟಕಿಯಿಂದ ನೋಡಿದೆ. ಅವರು ಕೆಲಸ ಬಿಟ್ಟಿಲ್ಲ ಎಂದು ಆಗ ಗೊತ್ತಾಯಿತು. ಮಗು ಮಾತ್ರ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ.

ದೀಪಾವಳಿಯ ಹೊತ್ತಿಗೆ ಮತ್ತೊಂದು ಮಳೆ ರಜೆ ಬಂತು. ಬೆಳಗಾಗಿ ಎಷ್ಟು ಹೊತ್ತಾದರೂ ಮೇಲಿನ ಮನೆಯಲ್ಲಿ ಒಂದು ಪಾತ್ರೆಯ ಸದ್ದೂ ಇಲ್ಲ. ನಮ್ಮ ನೆಲದಡಿಯ ಸಂಪಿನ ಮೋಟಾರು ಹಾಕಿದರೆ ಅವರ ಮಲಗುವ ಕೋಣೆಯ ಗೋಡೆಯೇ ಗುಂಯ್ ಎನ್ನುತ್ತದೆ. ಟ್ಯಾಂಕು ಬರಿದಾಗಿತ್ತು. ನಾನು ಮೋಟಾರು ಹಾಕಲಿಲ್ಲ.

“ನಲ್ಲೀಲಿ ತೊಟ್ಟು ನೀರಿಲ್ಲ. ಪಾತ್ರೆ ಯಾವುದ್ರಲ್ಲಿ ತೊಳೀಲಿ, ಮಳೇಲಾ?” ಎಂದಳು ಹೆಂಡತಿ.

ಸಂಪಿನ ಮುಚ್ಚಳ ಸರಿಸಿ, ಬಕೆಟ್ಟಿಗೆ ಹಗ್ಗ ಕಟ್ಟಿ ನೀರು ಸೇದತೊಡಗಿದೆ. ಎರಡನೇ ಬಕೆಟ್ ಎತ್ತುವಾಗ ಮೆಟ್ಟಿಲ ಮೇಲೆ ಪುಟ್ಟ ಹೆಜ್ಜೆಗಳು ಕೇಳಿಸಿದವು. ಮಗು ಅರ್ಧಕ್ಕೆ ಇಳಿದು ನಿಂತು, ನನ್ನನ್ನೂ ಬಕೆಟ್ಟನ್ನೂ ನೋಡಿತು. ಆಮೇಲೆ ಬೆರಳು ತುಟಿಗಿಟ್ಟುಕೊಂಡಿತು.

“ಅಮ್ಮ ಇನ್ನೂ ಮಲಗಿದಾರೆ ತಾತ. ಬಕೆಟ್ ಮೆಲ್ಲಗೆ ಇಡಿ.”

ಮೆಲ್ಲಗೆ ಇಟ್ಟೆ.